ಮರಳುದಿಬ್ಬದ ಮೇಲಿನ ಧೂಳು

ಮುಚ್ಚಳದ ಸಂದಿಯಲ್ಲಿ ಬೆಳಕು ಈ ತುದಿಯಿಂದ ಆ ತುದಿಗೆ ತೆವಳುತ್ತಿದೆ, ತೆವಳಲಿ, ಅವಸರ ಮಾಡಿದರೆ ಸ್ಕ್ಯಾನರೂ ಕೇಳುವುದಿಲ್ಲ, ಹೆಂಡತಿಯೂ ಕೇಳುವುದಿಲ್ಲ, ನೀರು ಕುಡಿದು ಉಬ್ಬಿದ ಕಾಗದ ಗಾಜಿಗೆ ಅಂಟಿ ಕೂರಲಿ ಎಂದು ಮೇಲೆ ನನ್ನ ದಪ್ಪ ನಿಘಂಟು ಹೇರಿದ್ದೇನೆ — ಮುದ್ರಣಾಲಯದಲ್ಲಿ ಜೀವಮಾನವಿಡೀ ಕರಡು ತಿದ್ದಿದವನ ನಿಘಂಟು, ನಿವೃತ್ತಿಯ ಮೇಲೆ ಅದಕ್ಕೂ ಒಂದು ಕೆಲಸ ಸಿಕ್ಕಿತು, ನನಗೂ ಸಿಕ್ಕಿತು, ಇವಳು ಬರೆದ ಜಲವರ್ಣಗಳನ್ನು ಕಂಪ್ಯೂಟರಿಗೆ ಏರಿಸಿ ಪ್ರಿಂಟ್ ಮಾಡಿಸುವುದು, ಮೊದಲ ಗಿರಾಕಿ ಹಲ್ಲಿನ ಡಾಕ್ಟರು, ಕಾಯುವವರ ಕೋಣೆಗೆ ನದಿಯ ಚಿತ್ರ ಬೇಕಂತೆ, ಒಳಗಿನ ಕೂಗು ಕೇಳಿ ಹೆದರಿದವರಿಗೆ ಸಮಾಧಾನವಾಗಲಿ ಎಂದು, ಸಂಜೆ ಬರುತ್ತಾರೆ, ನಾನೋ ಇಲ್ಲಿ ಕೂತು ನದಿಯಲ್ಲಿ ನನ್ನನ್ನೇ ಹುಡುಕುತ್ತಿದ್ದೇನೆ. ನಿನ್ನೆ ಪ್ರಿಂಟ್ ಬಂದಾಗ ಎಷ್ಟು ಬೀಗಿದ್ದೆ, ನೋಡು, ಒಂದು ಚುಕ್ಕೆ ಧೂಳಿಲ್ಲ, ತೊಳೆದಿಟ್ಟ ತಟ್ಟೆಯ ಹಾಗಿದೆ — ಅವಳು ಕನ್ನಡಕ ಏರಿಸಿ ಪ್ರಿಂಟ್ ನೋಡಿದಳು, ಮೂಲ ನೋಡಿದಳು, ಮತ್ತೆ ಪ್ರಿಂಟ್ ನೋಡಿದಳು, ಎಲ್ಲಾ ಚೆನ್ನಾಗಿದೆ, ನೀವೆಲ್ಲಿ ಅಂದಳು. ಇಲ್ಲೇ ಇದ್ದೀನಲ್ಲ. ಇಲ್ಲಲ್ಲ, ಅಲ್ಲಿ, ಮರಳುದಿಬ್ಬದ ಮೇಲೆ ಇದ್ರಲ್ಲ, ಏನು ಮಾಡಿದ್ರಿ ನಿಮ್ಮನ್ನ.

ಒರೆಸಿದೆ, ಇನ್ನೇನು ಮಾಡುತ್ತೇನೆ, ಮೊಸರಿನಲ್ಲಿ ಕಲ್ಲು ಹುಡುಕಿಯೇ ಸಂಬಳ ತಿಂದವನು, ಎಲ್ಲಾದರೂ ಒಂದು ಕರಿ ಚುಕ್ಕೆ ಕಂಡರೆ ಕೈ ಸುಮ್ಮನಿರುವುದಿಲ್ಲ, ಮೌಸಿನ ಒಂದು ಒತ್ತು, ಬೆಕ್ಕಿನ ಕೂದಲು ಹೋಯಿತು, ಇನ್ನೊಂದು ಒತ್ತು, ಕುಂಚದ ಕೂದಲು ಹೋಯಿತು, ಇನ್ನೊಂದು, ಗಂಡ ಹೋದ, ಜಾಣ ನಾನು, ಒರೆಸಿದ್ದನ್ನೇ ಹಳೆಯದರ ಮೇಲೆ ಸೇವ್ ಕೂಡ ಮಾಡಿದೆ, ಅದಕ್ಕೇ ಇವತ್ತು ಮತ್ತೆ ಮೊದಲಿಂದ ಸ್ಕ್ಯಾನ್. ಎಷ್ಟು ವರ್ಷ ಗೋಗರೆದಿದ್ದೇನೆ, ನನ್ನದೊಂದು ಚಿತ್ರ ಬರೆಯೇ ಎಂದು, ಬಕೆಟ್ ಬರೆದಳು, ಪಕ್ಕದ ಮನೆಯ ಗೇಟು ಬರೆದಳು, ನನ್ನ ಚಪ್ಪಲಿಯನ್ನೂ ಬರೆದಳು, ಬಾಗಿಲ ಬಳಿ ಅಡ್ಡಾದಿಡ್ಡಿ ಬಿಟ್ಟದ್ದನ್ನು ಹಾಗೆಯೇ, ಒಳಗೆ ಕಾಲಿಲ್ಲ — ನೀವು ಒಂದು ಕಡೆ ಕೂತರೆ ತಾನೇ ಬರೆಯೋದು, ಅಷ್ಟೇ ಉತ್ತರ, ನಿಜವೇ, ಅವಳು ದಡದಲ್ಲಿ ಕುಂಚ ಹಿಡಿದು ಕೂತರೆ ನನಗೆ ಬೇಜಾರು, ಎದ್ದು ಹೋಗುತ್ತಿದ್ದೆ, ಹಾಗೆ ಎದ್ದು ಹೋದವನನ್ನೇ ಬರೆದಿದ್ದಾಳೆ, ಬರೆದು ಬಾಯಿ ಬಿಟ್ಟಿಲ್ಲ, ಇಷ್ಟು ವರ್ಷ ಹಜಾರದ ಗೋಡೆಯಲ್ಲಿ ನಾನು ತೂಗುತ್ತಿದ್ದೆ, ಅದರ ಕೆಳಗೇ ಕೂತು ಪೇಪರ್ ಓದುತ್ತ ಈ ಮನೆಯಲ್ಲಿ ನನಗೆ ಬೆಲೆಯಿಲ್ಲ ಎನ್ನುತ್ತಿದ್ದೆ, ನೊಣದ ಹಿಕ್ಕೆ ಎಂದುಕೊಂಡು ಒಮ್ಮೆ ಚೌಕಟ್ಟಿನ ಗಾಜನ್ನು ಉಗುರಿನಿಂದ ಕೆರೆದದ್ದೂ ಉಂಟು. ನಾಚಿಕೆಯಾಗುತ್ತದೆ, ಅದಕ್ಕಿಂತ ಹೆಚ್ಚು ಖುಷಿಯಾಗುತ್ತದೆ, ಈ ವಯಸ್ಸಿನಲ್ಲಿ ಇಷ್ಟು ಖುಷಿಯಾಗುವುದಕ್ಕೂ ನಾಚಿಕೆಯಾಗುತ್ತದೆ.

ಬಂತು, ತೆರೆಯ ಮೇಲೆ ನದಿ ಬಂತು, ದೊಡ್ಡದು ಮಾಡು, ಇನ್ನೂ ದೊಡ್ಡದು, ಕಾಗದದ ತರಿಯೆಲ್ಲ ಗುಂಡಿ ಬಿದ್ದ ರಸ್ತೆಯ ಹಾಗೆ ಕಾಣುತ್ತಿದೆ, ಮರಳುದಿಬ್ಬ, ಚುಕ್ಕೆ — ಚುಕ್ಕೆಗೆ ತಲೆಯಿದೆ, ಕೈ ಬೆನ್ನ ಹಿಂದೆ ಕಟ್ಟಿದೆ, ಎಡ ಹೆಗಲು ತುಸು ಇಳಿದಿದೆ, ನಾನೇ, ಹೀಗೆ ನಡೆಯುವವನು ಇನ್ಯಾರು, ಎಳ್ಳಿನಷ್ಟು ಬಣ್ಣದಲ್ಲಿ ನನ್ನ ಹೆಗಲು, ಅಷ್ಟು ದೂರ ಹೋದ ಮೇಲೂ ನೋಡುತ್ತಿದ್ದಳೇ. ಪಕ್ಕದಲ್ಲಿ ಇದೇನು, ಇನ್ನೊಂದು ಚುಕ್ಕೆ, ಇನ್ನೂ ಚಿಕ್ಕದು, ಗಾಜು ಈಗ ತಾನೇ ಒರೆಸಿದ್ದೆನಲ್ಲ, ಬೆರಳು ಆಗಲೇ ಮೌಸಿಗೆ ಹೋಯಿತು, ಹಾಳು ಅಭ್ಯಾಸ, ಕೂಗಿದೆ, ಇಲ್ಲಿ ಬಾರೇ, ಡಾಕ್ಟರು ಬರೋದ್ರೊಳಗೆ ಹೇಳು, ನನ್ನ ಪಕ್ಕ ಇರೋದು ಧೂಳಾ — ಕೈ ಒರೆಸಿಕೊಳ್ಳುತ್ತ ಬಂದಳು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು, ಹೌದಾ, ಡಾಕ್ಟರಿಗೆ ನೀವಿಲ್ಲದ್ದನ್ನೇ ಕೊಟ್ಟುಬಿಡಿ, ಪಾಪ, ಅವರ ಪೇಶೆಂಟಿಗೆ ನಿಮ್ಮ ಕಾಟ ಯಾಕೆ, ಇದು ಮನೇಲಿರಲಿ. ಅದಲ್ಲ ಕಣೇ, ಪಕ್ಕದ್ದು. ಧೂಳಾದ್ರೆ ಒರೆಸಿ, ಅಂದಳು, ಹೋದಳು, ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತಿದೆ, ಅವಳು ದಡದಲ್ಲಿದ್ದಳು, ಕುಂಚ ಅವಳ ಕೈಯಲ್ಲಿತ್ತು, ನಾನು ಒಮ್ಮೆಯೂ ಬಾ ಎಂದು ಕರೆದವನಲ್ಲ, ಅವಳು ನನ್ನ ಪಕ್ಕ ನಡೆದು ಬಂದದ್ದು ಯಾವಾಗ — ಬೆರಳು ಮೌಸಿನ ಮೇಲೆ ನಿಂತಿದೆ, ಒತ್ತುವುದಿಲ್ಲ, ಮರಳಿನ ಮೇಲೆ ಎರಡು ಚುಕ್ಕೆ, ಒಂದಕ್ಕೆ ಹೆಗಲು ಇಳಿದಿದೆ, ಒಂದು ಚಿಕ್ಕದು, ಎರಡು ಚುಕ್ಕೆ