ದ್ವೀಪಕ್ಕೆ ಹೊರಡುವ ಮೊದಲು ಒಂದು ಸೌಟು ಸಾಂಬಾರು

ದೋಣಿಗೆ ಬಳಿದ ಮೀನೆಣ್ಣೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಒಂಬತ್ತು ವರ್ಷದವಳು ನಾನು, ಮಲ್ಪೆಯ ಮರಳಿನ ಮೇಲೆ ನಿಂತಿದ್ದೆ. ಎದುರಿನ ದ್ವೀಪಕ್ಕೆ ಹೊರಟ ದೋಣಿಯಲ್ಲಿ ಅಪ್ಪ ಮತ್ತು ಅಣ್ಣಂದಿರು ಕೂತಿದ್ದರು. "ಜಾಗ ಇಲ್ಲ ಮಗಾ, ಮುಂದಿನ ವರ್ಷ ನೀನು," ಎಂದರು ಅಪ್ಪ. ನನ್ನ ಮುಖ ನೋಡಿದ ಅಂಬಿಗ, ಹಗ್ಗ ಬಿಚ್ಚುವ ಮೊದಲು ಒಂದು ಎಳನೀರು ಕೆತ್ತಿ ಕೈಗಿಟ್ಟು ಹೋದ. ಆ ಮುಂದಿನ ವರ್ಷ ಬರಲಿಲ್ಲ. ಬಿ.ಎ. ಮುಗಿಯಿತು, ಮದುವೆಯಾಯಿತು, ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದೆ. ಈಗ ನನಗೆ ಅರವತ್ತೊಂಬತ್ತು.

ನವಿ ಮುಂಬಯಿಯ ಸೀವುಡ್ಸ್‌ನಲ್ಲಿರುವ ಮೊಮ್ಮಗಳು ನಿಶಾಳಿಗೆ ಈ ಕತೆಯನ್ನು ಯಾವಾಗ ಹೇಳಿದ್ದೆನೋ ನೆನಪಿಲ್ಲ. ಅವಳು ಮರೆತಿರಲಿಲ್ಲ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತಳು.

"ಅಜ್ಜಿ, ಅಂಡಮಾನ್. ನೀಲ್ ದ್ವೀಪ. ನೀನು, ಅಜ್ಜ, ನಾನು. ಪಾಂಚ್ ದಿನ್. ಡೇಟ್ ಬೋಲೋ ನಾ!"

ದಿನ ಹೇಳಬೇಕಾದವರು ನನ್ನ ಯಜಮಾನರು, ವಿಷ್ಣುಮೂರ್ತಿಯವರು. ಸ್ಟೇಷನ್ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು. ನಲವತ್ತೊಂದು ವರ್ಷದಿಂದ ಅಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಮೊದಲ ಹಂಡೆ ಸಾಂಬಾರನ್ನು ಅವರು ಅಂಗೈಗೆ ಬಿಟ್ಟುಕೊಂಡು ರುಚಿ ನೋಡಬೇಕು, "ಸರಿ" ಎನ್ನಬೇಕು. ಆಮೇಲೆಯೇ ಮೊದಲ ಇಡ್ಲಿ ಹೊರಗೆ ಹೋಗುವುದು.

"ದೀಪಾವಳಿ ಕಳೆಯಲಿ," ಎಂದರು. ದೀಪಾವಳಿ ಕಳೆಯಿತು. "ಡಿಸೆಂಬರಲ್ಲಿ ಹುಡುಗರೆಲ್ಲ ಊರಿಗೆ ಹೋಗ್ತಾರೆ." ಡಿಸೆಂಬರೂ ಕಳೆಯಿತು. "ಪರೀಕ್ಷೆ ಶುರುವಾದ್ರೆ ಕಾಲೇಜು ಮಕ್ಕಳ ರಶ್ಶು, ಮಾರಾಯ್ತಿ."

"ಅಜ್ಜ, ಪರೀಕ್ಷೆ ನಿಮ್ಮದಾ?" ಎಂದಳು ನಿಶಾ.

ಅವರು ನಗಲಿಲ್ಲ. ಓದುತ್ತಿದ್ದ ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದರು.

ಆ ಮಧ್ಯಾಹ್ನ ನಾನು ನಿಶಾಳ ಜೊತೆ ದ್ವೀಪದ ಚಿತ್ರಗಳನ್ನು ನೋಡುತ್ತಾ ಅಡುಗೆ ಮಾಡಿದೆ. ಯಜಮಾನರಿಗೆ ಮೊದಲು ಬಡಿಸಿದೆ. ಸಾರನ್ನ ಎರಡು ಸಲ ಹಾಕಿಸಿಕೊಂಡು, "ಲಾಯ್ಕಾಗಿದೆ" ಎಂದು ಕೈ ತೊಳೆದರು. ಆಮೇಲೆ ನಾನು ಉಣ್ಣಲು ಕೂತೆ. ಮೊದಲ ತುತ್ತಿಗೇ ತಿಳಿಯಿತು: ಸಾರಿಗೆ ಉಪ್ಪೇ ಹಾಕಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಒಂದು ಹರಳು ಉಪ್ಪು ಹೆಚ್ಚಾದರೂ ಗುರುತಿಸುತ್ತಿದ್ದ ಮನುಷ್ಯ. ಎರಡು ವರ್ಷದ ಹಿಂದೆ ಅವರಿಗೆ ಬಂದಿದ್ದ ಜ್ವರ ನೆನಪಾಯಿತು. ವಾಸನೆ ಹೋಗಿದೆ ಎಂದು ಒಂದು ವಾರ ಗೊಣಗಿ ಆಮೇಲೆ ಸುಮ್ಮನಾಗಿದ್ದರು. ವಾಸಿಯಾಯಿತೆಂದು ನಾನು ತಿಳಿದಿದ್ದೆ.

ಮರುದಿನ ಅವರು ಬ್ಯಾಂಕಿಗೆ ಹೋದ ಹೊತ್ತು ನೋಡಿ ಹೋಟೆಲಿಗೆ ಹೋದೆ. ಅಡುಗೆಯ ಧರ್ಮಪಾಲ ಕಾಯಿ ಒಡೆಯುತ್ತಿದ್ದ. ಮೂವತ್ತು ವರ್ಷದಿಂದ ನಮ್ಮಲ್ಲಿದ್ದಾನೆ.

"ಧರ್ಮಪಾಲ, ಇವರಿಗೆ ರುಚಿ ತಿಳಿಯುವುದಿಲ್ಲ ಅಲ್ವಾ?"

ಅವನು ಕತ್ತಿ ಕೆಳಗಿಟ್ಟ. "ಅಮ್ಮಾ, ಮೆಲ್ಲಗೆ. ಹುಡುಗರಿಗೆ ಕೇಳಿಸ್ತದೆ."

"ನಿನಗೆ ಯಾವಾಗಿನಿಂದ ಗೊತ್ತು?"

"ಜ್ವರ ಬಿಟ್ಟು ಬಂದ ದಿವಸವೇ. ಅವತ್ತು ಹುಣಸೆಹುಳಿ ಎರಡೆರಡು ಸಲ ಬಿದ್ದಿತ್ತು. ಧನಿಗಳು ಸರಿ ಅಂದ್ರು. ಅಷ್ಟರಲ್ಲಿ ನನ್ನ ಮುಖ ಕಂಡಿರ್ಬೇಕು, 'ಸ್ವಲ್ಪ ಹುಳಿ ಜಾಸ್ತಿ' ಅಂದ್ರು. ಅಲ್ಲಿಂದ ಹಾಗೆಯೇ. ಅವ್ರು ಬರುವ ಮೊದ್ಲೇ ನಾನು ರುಚಿ ನೋಡಿರ್ತೇನೆ. ಸರಿ ಇದ್ರೆ ಅವ್ರ ಕಣ್ಣು ನೋಡ್ತೇನೆ. ಉಪ್ಪು ಕಡಿಮೆ ಇದ್ರೆ ಉಪ್ಪಿನ ಡಬ್ಬಿ ನೋಡ್ತೇನೆ. ಅವ್ರು ಹೇಳ್ತಾರೆ."

"ಅವರಿಗೆ ಗೊತ್ತಾ, ನಿನಗೆ ಗೊತ್ತುಂಟೂಂತ?"

"ಎಂತ ಗೊತ್ತೋ. ನೀವು ಮಾತ್ರ ಹೇಳ್ಬೇಡಿ ಅಮ್ಮಾ."

ಎರಡು ವರ್ಷದಿಂದ, ಹೋಟೆಲಿನಲ್ಲಿ ಕಟ್ಟಿ ಮನೆಗೆ ತರುತ್ತಿದ್ದ ಯಜಮಾನರ ಊಟದ ಡಬ್ಬಿಯ ಮೇಲುಗಡೆ ದಿನವೂ ಹಪ್ಪಳವೋ ಸಂಡಿಗೆಯೋ ಇರುತ್ತಿತ್ತು. ಈ ವಯಸ್ಸಿನಲ್ಲಿ ಇದೆಂಥ ಚಪಲ ಎಂದು ಅವರನ್ನು ಗೇಲಿ ಮಾಡಿದ್ದೆ. ಅದನ್ನು ಈಗ ಕೇಳಿದೆ.

"ನಾಲಿಗೆಗೆ ಇಲ್ಲದ್ದು ಹಲ್ಲಿಗಾದ್ರೂ ಇರ್ಲಿ ಅಂತ ನಾನೇ ಹಾಕೋದು," ಎಂದು ಅವನು ಮತ್ತೆ ಕಾಯಿ ಎತ್ತಿಕೊಂಡ.

ಸಂಜೆ ಬಾಲ್ಕನಿಯಲ್ಲಿ ಅವರ ಪಕ್ಕ ಕೂತೆ. ಎದುರು ಕಟ್ಟಡದ ಹಿಂದೆ ಲೋಕಲ್ ಟ್ರೈನ್ ಸದ್ದು ಮಾಡುತ್ತಾ ಹೋಯಿತು. ಅದು ಹೋಗಲಿ ಎಂದು ಕಾದು ಹೇಳಿದೆ:

"ನಿನ್ನೆಯ ಸಾರಿಗೆ ನಾನು ಉಪ್ಪು ಹಾಕಿರಲಿಲ್ಲ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ವೇದಾ, ನಾನಿಲ್ಲದೆ ಐದು ದಿನ ಸಾಂಬಾರು ಸರಿಯಾಗಿಯೇ ಆಗ್ತದೆ. ಅದೇ ನನಗೆ ಹೆದರಿಕೆ. ಆಮೇಲೆ ಬೆಳಿಗ್ಗೆ ಐದಕ್ಕೆ ಎದ್ದು ನಾನು ಎಲ್ಲಿಗೆ ಹೋಗ್ಲಿ?"

ಇಷ್ಟು ದಿನದ ದೀಪಾವಳಿ, ಡಿಸೆಂಬರು, ಪರೀಕ್ಷೆಗಳ ಹಿಂದೆ ಇದಿತ್ತು. ನಾನು ಅವರ ಕೈಯಿಂದ ಕನ್ನಡಕ ತೆಗೆದುಕೊಂಡು ನನ್ನ ಸೆರಗಿನಿಂದ ಒರೆಸಿ ಕೊಟ್ಟೆ.

"ಗಿರಾಕಿಗಳು ನಿಮ್ಮ ನಾಲಿಗೆ ನೋಡಿ ಬರ್ತಾರಾ? ಪೆನ್ಶನ್ನಿನ ಮಾಸ್ತರರಿಗೆ ಸಕ್ಕರೆ ಇಲ್ಲದ ಕಾಫಿ ಅಂತ ಅವರು ಕೂರುವ ಮೊದಲೇ ಕೂಗಿ ಹೇಳೋದು ಯಾರು?"

"ಅದು ಬೇರೆ."

"ಎಂತ ಬೇರೆ? ನಾನು ದಡದಲ್ಲಿ ನಿಂತು ಅರವತ್ತು ವರ್ಷ ಆಯ್ತು. ಒಮ್ಮೆ ಆ ಕಡೆಯಿಂದ ನೋಡಬೇಕು, ನಿಮ್ಮ ಜೊತೆಗೆ. ಅಲ್ಲಿನ ವಾಸನೆ ಹೇಗುಂಟು ಅಂತ ನಿಮಗೆ ನಾನು ಹೇಳ್ತೇನೆ."

"ಮೀನಿನ ವಾಸನೆ ಬಂದ್ರೆ ಹೇಳ್ಬೇಡ," ಎಂದರು. ಕನ್ನಡಕ ಹಾಕಿಕೊಂಡು, "ಆ ಹುಡುಗಿಗೆ ಫೋನ್ ಮಾಡು. ಆದ್ರೆ ಹೋಗುವ ದಿವಸವೂ ಸಾಂಬಾರು ನೋಡಿಯೇ ಹೋಗುವುದು."

ಧರ್ಮಪಾಲನ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಹೋಟೆಲಿನ ಮುಂದೆ ನಿಂತಿತು. ಆಗಷ್ಟೇ ಬೆಳಕು ಹರಿದಿತ್ತು.

"ಅಜ್ಜ, ಫ್ಲೈಟ್ ಹೈ, ಎಸ್‌ಟಿ ಬಸ್ ನಹೀ!" ಎಂದು ನಿಶಾ ಕೂಗಿದಳು.

ಅವರು ಆಗಲೇ ಒಳಗೆ ಹೋಗಿದ್ದರು. ನಾನೂ ಇಳಿದು ಹಿಂದೆಯೇ ಹೋದೆ. ಹಂಡೆಯಿಂದ ಹಬೆ ಏಳುತ್ತಿತ್ತು. ಯಜಮಾನರು ಸೌಟು ಎತ್ತಿದರು. ಧರ್ಮಪಾಲ ಎಂದಿನಂತೆ ಎದುರು ನಿಂತ. ಅಂಗೈಗೆ ಬಿಟ್ಟುಕೊಳ್ಳುವ ಬದಲು ಅವರು ಸೌಟನ್ನು ಅವನ ಕಡೆಗೆ ಚಾಚಿದರು.

"ಇವತ್ತು ನೀನು ಹೇಳು."

"ನಾನಾ, ಧನಿ?"

"ಎರಡು ವರ್ಷದಿಂದ ನೀನೇ ಅಲ್ವಾ ಹೇಳುವುದು? ಇವತ್ತು ಬಾಯಿಬಿಟ್ಟು ಹೇಳು."

ಧರ್ಮಪಾಲನ ಕಿವಿ ಕೆಂಪಾಯಿತು. ಅಂಗೈಗೆ ಎರಡು ಹನಿ ಬಿಟ್ಟು ಚೀಪಿದ. ಕಾಯಿ ಹೆರೆಯುತ್ತಿದ್ದ ಹುಡುಗ ಲತೇಶ ಕೈ ನಿಲ್ಲಿಸಿ ನೋಡುತ್ತಿದ್ದ.

"ಒಂದು ಚಿಟಿಕೆ ಉಪ್ಪು ಬೇಕು."

"ಹಾಕು ಮತ್ತೆ. ಐದು ದಿನ ನೀನೇ. ಮಾಸ್ತರರ ಕಾಫಿ ಮರೀಬೇಡ."

"ಅದು ನನ್ನಿಂದ ಆಗ್ಲಿಕ್ಕಿಲ್ಲ ಧನಿ. ಅವರು ಬರುವ ಹೊತ್ತಿಗೆ ನಾನು ಒಳಗೆ ದೋಸೆ ಹೊಯ್ತಿರ್ತೇನೆ. ಬೇಗ ಬನ್ನಿ."

ಯಜಮಾನರು ತಲೆಯಾಡಿಸಿದರು. ಅವರ ಮುಖ ಹಗುರಾದದ್ದನ್ನು ನಾನು ಕಂಡೆ.

ಟ್ಯಾಕ್ಸಿ ಹತ್ತಿ ಕೂತೆವು. ಧರ್ಮಪಾಲ ಒದ್ದೆ ಕೈಯನ್ನು ಹೆಗಲ ಮೇಲಿನ ಬೈರಾಸಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಕಿಟಕಿಯೊಳಗಿಂದ ಒಂದು ಕಟ್ಟನ್ನು ಯಜಮಾನರ ಮಡಿಲಿಗೆ ದಾಟಿಸಿದ. ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ ಇನ್ನೂ ಬಿಸಿಯಿತ್ತು. ಅದರ ಮೇಲೆ, ಒಡೆಯದಂತೆ ಬೇರೆಯೇ ಕಾಗದದಲ್ಲಿ ಸುತ್ತಿ, ಆಗಷ್ಟೇ ಕರಿದ ಸಂಡಿಗೆ ಇಟ್ಟಿದ್ದ.