ಹಿಟ್ಟಿನ ಕೈಯ ಸಹಿ

ಶಿಗ್ಗಾಂವಿಗೆ ಹೋಗುವ ಏಳು ಗಂಟೆಯ ಬಸ್ಸಿನಲ್ಲಿ ಜಯಾ ದಿನಾಲೂ ಕಿಟಕಿ ಪಕ್ಕ ಕೂತಿರುತ್ತಾಳೆ. ಓರಣವಾದ ಜಡೆ, ಒಣಗಿದ ಬಟ್ಟೆ. ಅವಳಿರುವ ಮೇಲಿನ ಓಣಿಗೆ ನಳ ಬಂದು ವರ್ಷವಾಯಿತು. ಕೆಳಗಿನ ಓಣಿಯ ಶೀಲಾ ಬೋರಿನಿಂದ ಎಂಟು ಕೊಡ ಹೊತ್ತು ಓಡಿ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹಾಜರಿ ಸಾಲದು, ಹೀಗೇ ಆದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿಬಿಟ್ಟಿದ್ದರು. ಜಯಾಳ ಜಡೆ ಕಂಡರೆ ಶೀಲಾಳ ಹೊಟ್ಟೆ ಉರಿಯುತ್ತಿತ್ತು.

ಒಂದು ಭಾನುವಾರ ಜಯಾ ನೋಟ್ಸ್ ಕೊಡಲು ಬಂದಳು. ರೊಟ್ಟಿ ಬಡಿಯುತ್ತಿದ್ದ ಶೀಲಾ ತಲೆ ಎತ್ತಲಿಲ್ಲ.

"ಬಾರವಾ, ನಳದ ರಾಣಿ. ನಿಮಗೇನು, ಪಂಚಾಯ್ತಿ ಮೆಂಬರ್ರು ನಿಮ್ಮ ಓಣ್ಯಾಗ ಅದಾರ."

"ಅವರು ಮೆಂಬರ್ ಆಗಿ ನಾಕು ವರ್ಷ ಆತು. ನಳ ಬಂದಿದ್ದು ಹೋದ ವರ್ಷ," ಎಂದಳು ಜಯಾ. "ನಾವು ಐದು ಮಂದಿ ಹುಡುಗ್ಯಾರು ಗ್ರಾಮಸಭೆಗೆ ಹೋದ್ವಿ. ಮೊದಲನೇ ಸಲ ನಕ್ಕರು. ಎರಡನೇ ಸಲ ಕೇಳಿಸ್ಕೊಂಡ್ರು. ಮೂರನೇ ಸಲ ಬರಕೊಂಡ್ರು."

"ನಮ್ಮ ಮಾತು ಯಾರು ಕೇಳ್ತಾರ? ನನಗ ಈ ರಾಜಕೀಯದ ಮ್ಯಾಲೆ ನಂಬಿಕೀನ ಇಲ್ಲ."

"ಮತ್ತ ಸಭೆ ಪುಸ್ತಕದಾಗ ನಿನ್ನ ಸಹಿ ಯಾಕ ಐತಿ?"

"ಸುಳ್ಳು ಹೇಳಬ್ಯಾಡ. ನಾ ಯಾವ ಸಭೆಗೂ ಹೋಗಿಲ್ಲ."

ಮರುದಿನ ಇಬ್ಬರೂ ಪಂಚಾಯಿತಿಗೆ ಹೋಗಿ ಪುಸ್ತಕ ತೆಗೆಸಿ ನೋಡಿದರು. 'ಕೆಳಗಿನ ಓಣಿಯಿಂದ ಯಾವ ಬೇಡಿಕೆಯೂ ಇಲ್ಲ. ಸಭೆ ಒಪ್ಪಿದೆ.' ಕೆಳಗೆ ಶೀಲಾಳ ಸಹಿ. ಪಕ್ಕದಲ್ಲಿ ಒಣಗಿದ ಹಿಟ್ಟಿನ ಬೆರಳಗುರುತು. ಆಗ ಅವಳಿಗೆ ನೆನಪಾಯಿತು. ಪಂಚಾಯಿತಿಯವರು ಪುಸ್ತಕವನ್ನು ಮನೆ ಬಾಗಿಲಿಗೇ ತಂದಿದ್ದರು. ಅವಳು ಕೈ ತೊಳೆದಿರಲಿಲ್ಲ, ಓದಿಯೂ ಇರಲಿಲ್ಲ. ಓಣಿಯವರೆಲ್ಲ ಹಾಗೆಯೇ ಸಹಿ ಹಾಕಿದ್ದರು.

"ಕಾಲೇಜಿಗೆ ಹೋಗಬೇಕಂದ್ರೂ ಹಾಜರಿ ಇಲ್ಲ. ಇಲ್ಲಿ ಹೋಗದನ ಹಾಜರಿ ಹಾಕೇನಿ," ಎಂದು ಮನೆಗೆ ಬಂದು ಅವ್ವನಿಗೆ ಹೇಳಿದಳು.

ಅವ್ವ ಸರೋಜವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಮನಿಗೆ ಬಂದವರಿಗೆ ಇಲ್ಲ ಅನ್ನಬಾರದಂತ ಚಾ ಕೊಟ್ಟಂಗ ಸಹಿನೂ ಕೊಟ್ಟೇನವಾ."

ಆರು ತಿಂಗಳಿಗೆ ಪುಸ್ತಕ ಮತ್ತೆ ಬಾಗಿಲಿಗೆ ಬಂತು. ಸರೋಜವ್ವ ಒಳಗಿನಿಂದ ಚಾದ ಕಪ್ಪು-ಬಸಿ ತಂದಿಟ್ಟಳು.

"ಚಾ ಕುಡೀರಿ. ಸಹಿ ಸಭ್ಯಾಗ ಮಾಡ್ತೇವಿ. ಸಭಾ ಯಾವತ್ತು ಐತ್ರಿ?"

ಕೆಳಗಿನ ಓಣಿಯಿಂದ ಹನ್ನೊಂದು ಮಂದಿ ಸಭೆಗೆ ಹೋದರು. ಶೀಲಾ ಎದ್ದು ನಿಂತು ಓಣಿಗೆ ನಳ ಬೇಕೆಂದು ಕೇಳಿದಳು. ಹಿಂದಿನಿಂದ ಒಬ್ಬರು, "ಎಲೆಕ್ಷನ್‌ಗೆ ನಿಂದರತೀಯೇನವಾ?" ಎಂದು ನಕ್ಕರು.

"ನೀರು ಕೇಳಾಕತ್ತೇನ್ರಿ ಕಾಕಾ. ನಿಮ್ಮ ಮನಿಗೂ."

ಬೇಡಿಕೆ ಪುಸ್ತಕಕ್ಕೆ ಬಂತು. ಶೀಲಾ ಎರಡು ಸಲ ಓದಿ ಸಹಿ ಹಾಕಿದಳು.

ನಳ ಇನ್ನೂ ಬಂದಿಲ್ಲ. ಮುಂದಿನ ಸಭೆಗೂ ಹೋಗುವವರಿದ್ದಾರೆ. ಅಲ್ಲಿಯವರೆಗೆ ಅಪ್ಪ ಕರಬಸಪ್ಪನೇ ಕೊಡ ಹೊರುತ್ತಾನೆ, ಮಗಳಿಗೆ ಬಸ್ಸು ಸಿಗುತ್ತದೆ. ಜಯಾಳ ಜಡೆ ಕಂಡರೆ ಈಗಲೂ ಒಂದಿಷ್ಟು ಉರಿಯುತ್ತದೆ. ಇರಲಿ, ಆ ಉರಿಯೇ ಅವಳನ್ನು ಸಭೆಗೆ ಎಬ್ಬಿಸಿತು.

ತಂಗಿ, ತಮ್ಮ, ನಮ್ಮ ಮಾತು ನಡೆಯುವುದಿಲ್ಲ ಎನ್ನುವ ಮುಂಚೆ ನಿಮ್ಮೂರಿನ ಸಭೆ ಪುಸ್ತಕ ತೆಗೆಸಿ ನೋಡಿ. ನೀವು ಹೋಗದ ಸಭೆಯಲ್ಲಿ ನಿಮ್ಮ ಸಹಿ ಏನು ಹೇಳಿದೆಯೋ ಓದಿ. ಬಾಗಿಲಿಗೆ ಬಂದವರಿಗೆ ಚಹಾ ಕೊಡಿ. ಸಹಿಯನ್ನು ಮಾತ್ರ ಸಭೆಗೆ ಹೋಗಿ, ಕೇಳಿ, ಓದಿ ಹಾಕಿ.