ಎರಡು ಒಲೆಯ ಹೊಗೆ

ತಮ್ಮನ ಒಲೆಯಿಂದ ಇನ್ನೂ ಹೊಗೆ ಎದ್ದಿರಲಿಲ್ಲ. ಅಣ್ಣ ಕೆರೆಯ ನೀರಿನಂಚಿನಲ್ಲಿ ತನ್ನ ಒಲೆಯ ಮುಂದೆ ಕೂತು ಚಹಾದ ಪಾತ್ರೆಗಿಂತ ಹೆಚ್ಚಾಗಿ ಅತ್ತ ಕಡೆಯೇ ನೋಡುತ್ತಿದ್ದ. ಮೂವತ್ತು ಹೆಜ್ಜೆ ಮೇಲೆ, ಮರಗಳ ನಡುವೆ, ತಮ್ಮನ ಗುಡಾರದ ಬಾಗಿಲು ಮುಚ್ಚಿತ್ತು. ಹೊರಗೆ ಚಪ್ಪಲಿ ಜೋಡಿಸಿಟ್ಟಿತ್ತು. ಅವನ ಮೂರು ಕಲ್ಲುಗಳ ನಡುವೆ ನಿನ್ನೆಯ ಬೂದಿ ಹಾಗೇ ಇತ್ತು.

"ಬೇಕಂತಲೇ ಮಲಗಿದ್ದಾನೆ," ಎಂದು ಅಣ್ಣ ಪಾತ್ರೆಗೆ ಹೇಳಿದ. ಆ ದ್ವೀಪದಲ್ಲಿ ಅವನು ಮಾತಾಡಿಸುತ್ತಿದ್ದದ್ದು ಅದೊಂದನ್ನೇ.

ಇಬ್ಬರೂ ದರ್ಜಿಗಳು. ಒಂದೇ ಅಂಗಡಿ, ಅಣ್ಣನದು ಕತ್ತರಿ, ತಮ್ಮನದು ಮಿಷನ್ನು. ನಾಲ್ಕು ವರ್ಷದಿಂದ ಮಾತಿಲ್ಲ. ಕಾರಣ ಕೇಳಿದರೆ ನಗು ಬರಬೇಕು: ಅಪ್ಪನ ಕತ್ತರಿಯಲ್ಲಿ ತಮ್ಮ ಕಾಗದ ಕತ್ತರಿಸಿದ್ದ. ಬಟ್ಟೆಯ ಕತ್ತರಿ ಕಾಗದ ಮುಟ್ಟಿದರೆ ಮೊಂಡಾಗುತ್ತದೆ ಎಂಬುದು ದರ್ಜಿಯ ಮನೆಯ ಕೂಸಿಗೂ ಗೊತ್ತು. "ಅಪ್ಪ ಇದ್ದಿದ್ರೆ ನಿನ್ನ ಕೈ ಮುರೀತಿದ್ದ" ಎಂದ ಅಣ್ಣ. "ಅಪ್ಪ ಹಾಸಿಗೆ ಹಿಡಿದಾಗ ನೀನೆಲ್ಲಿದ್ದೆ?" ಎಂದ ತಮ್ಮ. ಅಲ್ಲಿಗೆ ಮುಗಿಯಿತು. ಅಂದಿನಿಂದ ಅಳತೆಯನ್ನೆಲ್ಲ ಚೀಟಿಯಲ್ಲಿ ಬರೆದು ಬಟ್ಟೆಗೆ ಗುಂಡುಸೂಜಿಯಲ್ಲಿ ಚುಚ್ಚುವುದು. ತಮ್ಮನಿಗೆ ಏನಾದರೂ ಬೇಕಾದರೆ ದಾರದ ಡಬ್ಬಿಯನ್ನು ಮೇಜಿಗೆ ಮೂರು ಸಲ ಬಡಿಯುತ್ತಿದ್ದ. ಮನಸ್ಸಿದ್ದರೆ ಅಣ್ಣ ತಲೆ ಎತ್ತುತ್ತಿದ್ದ, ಇಲ್ಲದಿದ್ದರೆ ಇಲ್ಲ.

ಅಕ್ಕನಿಗೆ ಸಾಕಾಗಿಹೋಯಿತು. "ಚಿಕ್ಕೋರಿದ್ದಾಗ ಅಪ್ಪ ಕರ್ಕೊಂಡು ಹೋಗ್ತಿದ್ನಲ್ಲ, ಆ ದ್ವೀಪಕ್ಕೆ ನಾಲ್ಕು ದಿನ ಹೋಗ್ಬನ್ನಿ. ಅಲ್ಲಿ ಚೀಟಿ ಇಲ್ಲ, ಮಧ್ಯಸ್ಥಿಕೆಗೆ ನಾನೂ ಇಲ್ಲ. ಬಾಯಿ ಬಿಡದೆ ಹೇಗಿರ್ತೀರೋ ನೋಡ್ತೀನಿ," ಎಂದಳು. ಅಕ್ಕನ ಮಾತು ಮೀರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹೊರಟರು. ಎರಡು ಗುಡಾರ, ಎರಡು ಅಕ್ಕಿಚೀಲ, ಎರಡು ಬೆಂಕಿಪೊಟ್ಟಣ.

ದ್ವೀಪದಲ್ಲಿ ಫೋನು ನಡೆಯುವುದಿಲ್ಲ. ಅದಕ್ಕೆ ಅವರನ್ನು ಅಲ್ಲಿ ಬಿಟ್ಟುಹೋದ ದೋಣಿಯವನೇ ಒಂದು ಲೆಕ್ಕ ಇಟ್ಟಿದ್ದ. ಬೆಳಿಗ್ಗೆ ಹೊರಡುವಾಗ ಒಮ್ಮೆ ದ್ವೀಪದ ಕಡೆ ನೋಡುತ್ತಾನೆ. ಒಂದು ಹೊಗೆ ಕಂಡರೆ ಕ್ಷೇಮ, ಟವೆಲ್ ಬೀಸಿ ಹೋಗುತ್ತಾನೆ; ಎರಡು ಕಂಡರೆ ಅಪಾಯ, ಬರುತ್ತಾನೆ. ಮೊದಲ ಬೆಳಿಗ್ಗೆಯೇ ಎರಡು ಕಂಡವು. ಎದುರುಗಾಳಿಯಲ್ಲಿ ಒಂದು ಗಂಟೆ ಹುಟ್ಟು ಹಾಕಿ ಬಂದವನಿಗೆ ಸಿಕ್ಕಿದ್ದೇನು? ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಬೇರೆ ಬೇರೆ ಅನ್ನ ಬೇಯಿಸುತ್ತಿದ್ದ ಇಬ್ಬರು ಗಡ್ಡದ ಗಂಡಸರು.

"ಥೂ ನಿಮ್ಮ! ಒಂದೇ ಹೊಟ್ಟೇಲಿ ಹುಟ್ಟಿದೋರಿಗೆ ಎರಡು ಒಲೆನಾ?" ಎಂದು ಬೈದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರಿ ಬಿಡಿ, ನಿಮ್ಮಿಬ್ಬರಿಗೆ ಲೆಕ್ಕ ಉಲ್ಟಾ. ಎರಡು ಕಂಡ್ರೆ ಕ್ಷೇಮ. ಒಂದೇ ಕಂಡ್ರೆ, ಒಬ್ಬ ಇನ್ನೊಬ್ಬನ್ನ ಮುಗಿಸಿದಾನೆ ಅಂತ ಬರ್ತೀನಿ. ಆ ದಡ ಬಿಟ್ಟು ಪೇಟೆ ಕಡೆ ಹೋದ್ರೆ ಮಾರನೇ ಬೆಳಿಗ್ಗೇನೇ ನಾನು ನೋಡೋದು, ನೆನಪಿರ್ಲಿ."

ಆ ನಗು ಅಣ್ಣನಿಗೆ ಚುಚ್ಚಿತ್ತು. ಇವತ್ತು ಒಂದೇ ಹೊಗೆ ಕಂಡರೆ ಆ ಮನುಷ್ಯ ಮತ್ತೆ ಬರುತ್ತಾನೆ, ಮತ್ತೆ ನಗುತ್ತಾನೆ, ಅಕ್ಕನ ಕಿವಿಗೂ ಹಾಕುತ್ತಾನೆ. ತಮ್ಮನಿಗೆ ಬೇಕಾಗಿರುವುದೂ ಅದೇ ಎಂದುಕೊಂಡ. ನಿನ್ನೆ ಇಲಿಗಳು ಅವನ ಅಕ್ಕಿಚೀಲ ಕಡಿದು ಗುಡಾರದ ತುಂಬ ಅಕ್ಕಿ ಚೆಲ್ಲಿದ್ದವು. ಮನೆಗೆ ಹೋಗುವ ಆಸೆ, ಆದರೆ ಸೋತೆ ಎನ್ನಲು ಜಂಬ.

ಇಲಿ ಬಂದಲ್ಲಿಗೆ ಹಾವು ಬರುತ್ತದೆ, ಮಲಗುವ ಜಾಗದಲ್ಲಿ ಒಂದು ಕಾಳೂ ಬಿಡಬೇಡಿ ಎಂದು ಅಪ್ಪ ಇದೇ ಮರಗಳ ಕೆಳಗೆ ಹೇಳುತ್ತಿದ್ದ. ನಿನ್ನೆ ಸಂಜೆ ಆ ಮಾತು ಅಣ್ಣನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಿದ್ದ.

ಆಚೆ ದಡದಲ್ಲಿ ದೋಣಿ ನೀರಿಗಿಳಿಯುತ್ತಿತ್ತು. ಅಣ್ಣ ತನ್ನ ಒಲೆಯಿಂದ ಒಂದು ಕೊಳ್ಳಿ ಹಿಡಿದು ಮೇಲಕ್ಕೆ ಹೋಗಿ ತಮ್ಮನ ಒಲೆ ಹಚ್ಚಿದ. ದೂರಕ್ಕೆ ಕಾಣಲೆಂದು ಹಸಿ ಸೊಪ್ಪು ಹೇರಿದ. ದಪ್ಪ ಬಿಳಿ ಹೊಗೆ ಎದ್ದು, ಅರ್ಧ ಮೇಲಕ್ಕೆ ಹೋಯಿತು, ಅರ್ಧ ಗುಡಾರದೊಳಗೆ ನುಗ್ಗಿತು. ಈಗ ಕೆಮ್ಮುತ್ತಾನೆ, ಎದ್ದು ಬಂದು ಬೈಯುತ್ತಾನೆ. ಬೈದರೆ ನಾಲ್ಕು ವರ್ಷದ ನಂತರ ಮೊದಲು ಬಾಯಿಬಿಟ್ಟವನು ಅವನೇ ಆಗುತ್ತಾನೆ. ಅಣ್ಣ ನಗುವುದಕ್ಕೆ ತಯಾರಾಗಿ ನಿಂತ.

ಒಳಗಿನಿಂದ ಕೆಮ್ಮು ಬರಲಿಲ್ಲ.

ಆಗ ಅವನಿಗೆ ನೆನಪಾಯಿತು. ಇನ್ನೂ ಬೆಳಕು ಹರಿಯುವ ಮುಂಚೆ ಟಣ್, ಟಣ್, ಟಣ್ ಎಂದು ಕಲ್ಲಿಗೆ ಲೋಟ ಬಡಿದ ಸದ್ದು ಕೇಳಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. 'ಕರೆಯೋಕೆ ಬಾಯಿ ಬಿದ್ದುಹೋಗಿದೆಯಾ ಇವನಿಗೆ?' ಎಂದುಕೊಂಡು ಅವನು ಮಗ್ಗುಲು ಬದಲಿಸಿದ್ದ.

"ಲೋ," ಎಂದ ಅಣ್ಣ. "ತಮ್ಮಾ."

ಗುಡಾರದ ಬಾಗಿಲು ಸರ್ರನೆ ಎಳೆದ. ತಮ್ಮ ಅಂಗಾತ ಮಲಗಿದ್ದ. ರೆಪ್ಪೆಗಳು ಅರ್ಧಕ್ಕೆ ಇಳಿದುಬಿಟ್ಟಿದ್ದವು, ಎತ್ತಲು ಆಗುತ್ತಿರಲಿಲ್ಲ. ತುಟಿ ಅಲುಗಿತು, ದನಿ ಹೊರಡಲಿಲ್ಲ. ಉಸಿರು ಎಣಿಸುವಷ್ಟು ನಿಧಾನ. ಹಿಮ್ಮಡಿಯ ಮೇಲೆ, ಚೆಲ್ಲಿದ ಅಕ್ಕಿಕಾಳು ಅಂಟಿದ್ದ ಜಾಗದಲ್ಲಿ, ಸೂಜಿ ಚುಚ್ಚಿದಂಥ ಎರಡು ಗುರುತು. ಕೈಯಲ್ಲಿ ಲೋಟ ಇತ್ತು, ಪಕ್ಕದಲ್ಲೇ ಗುಡಾರದಂಚಿಗೆ ಹೇರಿದ್ದ ಕಲ್ಲು.

"ಅಯ್ಯೋ, ನನ್ನಪ್ಪಾ! ಇರು, ಅಲ್ಲಾಡ್ಬೇಡ. ಬರ್ತಾನೆ ಅವನು, ಈಗ ಬರ್ತಾನೆ," ಎಂದು ಅಣ್ಣ ಹೊರಗೋಡಿದ. ಒಂದು ಒಲೆ ಆರಬೇಕು. ಒಂದೇ ಕಾಣಬೇಕು. ಹಸಿ ಸೊಪ್ಪಿನ ಒಲೆ ಹತ್ತು ನಿಮಿಷವಾದರೂ ಆರುವಂಥದ್ದಲ್ಲ. ಕೆಳಕ್ಕೆ ಬಿದ್ದು ಎದ್ದು ಓಡಿ ತನ್ನ ಒಲೆಗೆ ಚಹಾ ಸುರಿದ, ಕೆರೆಯ ನೀರು ಮೊಗೆದು ಸುರಿದ. ಸುಯ್ಯೆಂದು, ಅಷ್ಟು ಹೊತ್ತು ಸಣ್ಣಗಿದ್ದ ಹೊಗೆ ಮರದೆತ್ತರ ಎದ್ದಿತು. ಅವನು ಬರಿಗೈಯಲ್ಲಿ ಕೆಂಡ ಬಾಚಿ ನೀರಿಗೆಸೆದ. ಪ್ರತಿ ಕೆಂಡವೂ ಒಂದೊಂದು ಬಿಳಿ ಉಸಿರು ಬಿಟ್ಟು ಮುಳುಗಿತು.

ದೂರದಲ್ಲಿ ದೋಣಿಯವನು ಎದ್ದುನಿಂತು ಹಣೆಗೆ ಕೈ ಹಿಡಿದು ನೋಡುತ್ತಿದ್ದ.

"ಬಾರೋ! ಬಾರೋ ಇಲ್ಲಿ! ನನ್ನ ತಮ್ಮ ಸಾಯ್ತಿದ್ದಾನೆ ಕಣೋ!" ಅಣ್ಣ ಸೊಂಟದ ಮಟ್ಟ ನೀರಿಗಿಳಿದು ಎರಡೂ ಕೈ ಬೀಸಿದ. ಗಾಳಿ ಎದುರಿಗಿತ್ತು. ದೋಣಿಯವನೂ ತಲೆಯ ಮೇಲಿನ ಟವೆಲ್ ತೆಗೆದು ಬೀಸಿದ. ಎರಡು ಸಲ, ಖುಷಿಯಾಗಿ. ಆಮೇಲೆ ಕೂತು ದೋಣಿಯನ್ನು ಪೇಟೆಯ ಕಡೆ ತಿರುಗಿಸಿದ.

ಕೂಗಿ ಕೂಗಿ ಗಂಟಲು ಕಟ್ಟಿತು. ದೋಣಿ ದಡದ ತಿರುವಿನ ಆಚೆ ಮರೆಯಾಯಿತು. ಅಣ್ಣ ಮೇಲೆ ಬಂದು ತಮ್ಮನ ಪಕ್ಕದಲ್ಲಿ ಕೂತು, ಸುಟ್ಟ ಕೈಯಲ್ಲಿ ಅವನ ಕೈ ಹಿಡಿದುಕೊಂಡ. ಬೆರಳುಗಳಲ್ಲಿ ಬಿಗಿ ಇರಲಿಲ್ಲ, ಲೋಟ ಉರುಳಿ ಕಲ್ಲಿನ ಹತ್ತಿರ ಬಿದ್ದಿತ್ತು.

"ಕತ್ತರಿ ಸಾಣೆ ಹಿಡಿಸಿದ್ದೆ ಕಣೋ," ಎಂದ. "ಆ ವಾರದಲ್ಲೇ. ಚೆನ್ನಾಗೇ ಇತ್ತು. ಹೇಳ್ಲಿಲ್ಲ ಅಷ್ಟೇ."

ಕೆಳಗೆ ಅವನ ಒಲೆ ಪೂರ್ತಿ ಆರಿಹೋಗಿತ್ತು. ಈಗ ದ್ವೀಪದಿಂದ ಒಂದೇ ಒಂದು ಹೊಗೆ, ತಮ್ಮನ ಒಲೆಯದು, ಗಾಳಿ ನಿಂತ ಮೇಲೆ ನೆಟ್ಟಗೆ ಮೇಲೇಳುತ್ತಿತ್ತು. ಅಣ್ಣ ಲೋಟ ತೆಗೆದುಕೊಂಡು ಕಲ್ಲಿಗೆ ಮೂರು ಸಲ ಬಡಿದ. ಕಾದ. ಮತ್ತೆ ಬಡಿದ.